ಮೂಸಿ ಬಿಟ್ಟ ಗಿಡ

ಅಣ್ಣ ಕಾರು ನಿಲ್ಲಿಸಿ, ಗೇಟು ತಳ್ಳಿಕೊಂಡು ಒಳಗೆ ಬಂದಾಗ ಅವಳು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಅಗಿಯುತ್ತಿದ್ದಳು.

“ಇದೇನೇ ಇದು? ಮನೇಲಿ ತಿನ್ನೋಕೆ ಏನೂ ಇಲ್ವಾ?”

ತಾಳು ಎನ್ನುವಂತೆ ಅವಳು ಕೈಯೆತ್ತಿದಳು. ಇನ್ನೆರಡು ಸಲ ಅಗಿದು, ಮುಖ ಸಿಂಡರಿಸಿ ಪಕ್ಕಕ್ಕೆ ಉಗಿದಳು. “ಥೂ! ಕಹಿ ಅಂದ್ರೆ ಕಹಿ. ವಾಸನೆ ಬೇರೆ ಮೂಗಿಗೆ ಹೊಡೆಯುತ್ತೆ. ಇದು ಉಳ್ಕೊಳ್ಳುತ್ತೆ ಕಣೋ ಅಣ್ಣ.”

“ಲ್ಯಾಬಿನಲ್ಲಿ ಊರವರ ರಕ್ತಪರೀಕ್ಷೆ, ಮನೇಲಿ ಎಲೆ ಪರೀಕ್ಷೆ. ಚೆನ್ನಾಗಿದೆ ನಿನ್ನ ಸಂಸಾರ! ಆ ಮೂಲೇಲಿ ಕಣಗಿಲೆ ನೆಟ್ಟಿದ್ದೀಯಲ್ಲ, ಅದನ್ನೂ ಅಗಿದ್ಯಾ ಮಾರಾಯ್ತಿ?”

“ಅದು ವಿಷ. ಅಷ್ಟು ಬುದ್ಧಿ ಜಿಂಕೆಗೂ ಇದೆ, ನಂಗೂ ಇದೆ.”

ಮನೆಯ ಹಿತ್ತಲು ಮುಗಿದಲ್ಲಿಂದಲೇ ಕಾಡು. ಅವಳು ಈ ಬಾಡಿಗೆ ಮನೆಗೆ ಬಂದು, ಆಸೆಪಟ್ಟು ನೆಟ್ಟ ದಾಸವಾಳವನ್ನು ಜಿಂಕೆಗಳು ಮೊದಲು ಮುಗಿಸಿದವು. ಆಮೇಲೆ ಗುಲಾಬಿಗೆ ಬಾಯಿ ಹಾಕಿದವು. ಸೋಪಿನ ತುಂಡು ಕಟ್ಟಿದಳು, ಮೊಟ್ಟೆ ಕದಡಿ ಎರಚಿದಳು. ನಾತಕ್ಕೆ ಅವಳೇ ಕಿಟಕಿ ಮುಚ್ಚಿಕೊಂಡಳೇ ಹೊರತು ಜಿಂಕೆಗಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೊಂದು ದಿನ, ಅವು ತಿಂದದ್ದಕ್ಕೆ ಗೋಳಾಡುವುದನ್ನು ಬಿಟ್ಟು, ತಿನ್ನದೆ ಬಿಟ್ಟದ್ದು ಏನೆಂದು ನೋಡತೊಡಗಿದಳು. ಉಳಿದದ್ದೆಲ್ಲ ಕಹಿ, ಇಲ್ಲವೇ ಘಾಟು ವಾಸನೆಯ ಎಲೆ. ನರ್ಸರಿಯಲ್ಲಿ ವಿಚಾರಿಸಿ, ವಿಷವಲ್ಲದ ಸಸಿಗಳ ಎಲೆಯನ್ನೆಲ್ಲ ತಾನೇ ಬಾಯಿಗೆ ಹಾಕಿಕೊಂಡಳು. ನುಂಗಬಹುದು ಅನ್ನಿಸಿದ್ದನ್ನೆಲ್ಲ ವಾಪಸು ಕೊಟ್ಟಳು. ಇವತ್ತು ಬೆಳಿಗ್ಗೆ, ಅಳಿದುಳಿದ ಗುಲಾಬಿ ಕಡ್ಡಿಗಳನ್ನು ಬುಡಸಮೇತ ಕಿತ್ತು, ಜೆರೇನಿಯಂ ಮತ್ತು ಚೆಂಡುಹೂವಿನ ಸಸಿ ನೆಡುತ್ತಿದ್ದಳು.

ಅಣ್ಣ ಅಂಗಳದ ಉದ್ದಗಲಕ್ಕೂ ಕಣ್ಣಾಡಿಸಿದ. “ಸರಿ, ಪಂದ್ಯಕ್ಕೆ ಬರೋಣ. ನಾನು ಬರೋ ಹೊತ್ತಿಗೆ ಒಂದೇ ಒಂದು ಹೂವಿದ್ರೂ ನೀನು ಇಲ್ಲೇ ಇರು, ಇಲ್ದಿದ್ರೆ ನನ್ನ ಜೊತೆ ಹೊರಡು ಅಂದಿದ್ದೆ. ಎಲ್ಲಿ ಹೂವು?”

“ಇಲ್ಲ. ಸೋತೆ.”

“ಮತ್ತೆ ಸಾಮಾನು ಕಟ್ಟು.”

“ಸೋತೆ ಅಂದೆ. ಬರ್ತೀನಿ ಅನ್ನಲಿಲ್ಲ.”

“ಫೋನಿನಲ್ಲಿ ಹೂಂ ಅಂದಿದ್ದೆಯಲ್ಲೇ!”

“ಅಂದಿದ್ದೆ. ನಿಂಗೆ ಹೂಂ ಅಂದು ಅಂದು ಅಭ್ಯಾಸ.”

ಮಾತು ಗಟ್ಟಿಯಾಗಿಯೇ ಬಂತು. ಅವಳು ಮುಂದಿನ ಸಸಿಗೆ ಗುಳಿ ತೋಡತೊಡಗಿದಳು.

ಅಣ್ಣ ಮೆತ್ತಗಾದ. “ನಿನ್ನ ಅತ್ತಿಗೆ ಕೈಲಿ ಆಗ್ತಿಲ್ಲ ಕಣೇ. ನೀನಿಲ್ಲದೆ ಮನೆ ಮನೆಯಾಗಿಲ್ಲ. ತಾರಸಿ ಪೂರ್ತಿ ನಿಂದೇ, ಏನು ಬೇಕಾದ್ರೂ ಬೆಳ್ಕೋ. ನೋಡು, ಅವಳೇ ಆರಿಸಿ ಕಳಿಸಿದ್ದಾಳೆ.” ಕಾರಿನಿಂದ ಒಂದು ಕುಂಡ ತಂದು ಗೇಟಿನೊಳಗೆ ಇಟ್ಟ. ಕೆಂಪು ಗುಲಾಬಿ, ಮೈತುಂಬ ಮೊಗ್ಗು.

ಅವನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಮದುವೆ ಮುರಿದು ಬಂದವಳನ್ನು ಒಂದು ಮಾತೂ ಆಡದೆ ಒಳಗೆ ಕರೆದುಕೊಂಡಿದ್ದ. ಆಗ ಮೊಣಕಾಲೆತ್ತರ ಇದ್ದ ಅವನ ಮಕ್ಕಳಿಗೆ ಈಗ ಮೀಸೆ ಚಿಗುರಿದೆ. ಅವರ ಡಬ್ಬಿ, ಅವರ ಇಸ್ತ್ರಿ, ಅತ್ತಿಗೆಯ ತಾಯಿಯ ಗುಳಿಗೆ, ಅಣ್ಣನ ಸ್ನಾನದ ನೀರು, ನಡುವೆ ಓಡಿಕೊಂಡು ಹೋಗಿ ಲ್ಯಾಬು. ಸಂಜೆ ತನ್ನ ನಾಲ್ಕು ಕುಂಡಗಳಿಗೆಂದು ನೀರಿನ ತಂಬಿಗೆ ಹಿಡಿದು ತಾರಸಿಯ ಮೆಟ್ಟಿಲು ಹತ್ತಿದರೆ, ಕೊನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಕೆಳಗಿನಿಂದ ಯಾರಾದರೊಬ್ಬರು ಕೂಗುತ್ತಿದ್ದರು. ಅವಳು ಇಳಿದು ಬರುತ್ತಿದ್ದಳು. ಪಾಪ, ಎದುರಾಡುವವಳೇ ಅಲ್ಲ ಎಂದು ಬಂದವರೆದುರೆಲ್ಲ ಹೊಗಳುತ್ತಿದ್ದರು.

“ಏನೇ ಯೋಚನೆ ಮಾಡ್ತಿದ್ದೀ?”

“ಶ್! ಅಲ್ಲಾಡಬೇಡ.” ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

ಅವನು ತೆರೆದೇ ಬಿಟ್ಟಿದ್ದ ಗೇಟಿನಲ್ಲಿ ಒಂದು ಜಿಂಕೆ ನಿಂತಿತ್ತು. ತನ್ನದೇ ಮನೆಗೆ ಬಂದಷ್ಟು ನಿರಾಳವಾಗಿ ಒಳಗೆ ಬಂದು, ಹೊಸ ಸಾಲಿನ ಕಡೆ ಕತ್ತು ಚಾಚಿತು. ಜೆರೇನಿಯಂ ಮೂಸಿತು. ಕಿವಿ ಒದರಿ ಒಂದು ಸೀನು ಸೀನಿತು. ಚೆಂಡುಹೂವಿನ ಸಸಿಗೆ ಮೂಗು ತಾಗಿಸಿ, ತಲೆ ಕೊಡವಿ ಮುಂದೆ ನಡೆಯಿತು. ಅವಳು ಉಸಿರು ಬಿಡಲೇ ಇಲ್ಲ. ಸಾಲಿನ ತುದಿ ಮುಟ್ಟಿದ ಜಿಂಕೆ ಹಿಂದಿರುಗಿ, ಅತ್ತಿಗೆಯ ಕುಂಡಕ್ಕೆ ಬಂದು ದೊಡ್ಡದೊಂದು ಮೊಗ್ಗನ್ನು ಕರುಂ ಅಂತ ಕಡಿಯಿತು.

“ಹೇಯ್! ಹೋಗ್ ಹೋಗ್!” ಅಣ್ಣ ಕೈತಟ್ಟಿಕೊಂಡು ಓಡಿದ. ಜಿಂಕೆ ಇನ್ನೊಂದು ಮೊಗ್ಗನ್ನೂ ಬಾಯಿಗೆ ಹಾಕಿಕೊಂಡೇ ನೆಗೆದು ಹೋಯಿತು. “ಒಳ್ಳೇ ಗಿಡ ಹಾಳಾಯ್ತು! ನೋಡ್ತಾ ನಿಂತಿದ್ದೀಯಲ್ಲೇ ಮಂಕೇ!”

“ನೋಡಿದ್ಯಾ ಅಣ್ಣ?” ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಮೂಸಿ ಬಿಟ್ಟುಬಿಡ್ತು! ಇಡೀ ಸಾಲಿನಲ್ಲಿ ಒಂದೆಲೆ ಮುಟ್ಟಲಿಲ್ಲ!”

“ಕಾಡಿನ ಪಕ್ಕ ಕೂತು ಈ ಪಾಡು ಯಾಕೆ ಅಂತ ನಾನು ಕೇಳೋದು.” ಅವನು ಏದುಸಿರು ಬಿಡುತ್ತ ಬೋಳು ಕೊಂಬೆಯನ್ನು ಹಿಡಿದು ತೋರಿಸಿದ. “ಇಷ್ಟು ವರ್ಷ ನಮ್ಮನೇಲಿದ್ದೆ. ಯಾವತ್ತಾದ್ರೂ ನಿನ್ನ ಗಿಡಾನ ಯಾರಾದ್ರೂ ಮೇದಿದ್ರಾ, ಹೇಳು.”

ಅವಳು ಮುಂದಿನ ಗುಳಿಗೆ ಸಸಿ ಇಳಿಸಿ, ಸುತ್ತಲಿನ ಮಣ್ಣನ್ನು ಎರಡೂ ಅಂಗೈಯಿಂದ ಅದುಮಿದಳು.

“ಇಲ್ಲಣ್ಣ,” ಎಂದಳು. “ಗಿಡಾನ ಯಾರೂ ಮುಟ್ಟಲಿಲ್ಲ.”