ಎಡ ಮುಂಗಾಲು

"ಇದರ ಅಪ್ಪ ಬೆಂಗಳೂರು ರೇಸಿನಾಗ ಏಳು ಸಲ ಗೆದ್ದೈತ್ರಿ, ಅವ್ವ ಮೈಸೂರಾಗ ಮೂರು ಸಲ. ಬರೋ ವರ್ಷ ಇದರ ಮುಂದ ಯಾವ ಕುದುರಿ ನಿಲ್ಲತೈತಿ ನೋಡ್ರಿ," ಎಂದು ಗುಲಾಬಸಾಬ ಹೇಳುತ್ತಿದ್ದಾಗಲೇ, ಕುದುರೆಯ ಎಡ ಮುಂಗಾಲನ್ನು ಸವರುತ್ತಿದ್ದ ಮಗಳು ಉಜ್ಮಾಳ ಕೈ ನಿಂತುಬಿಟ್ಟಿತು.

ಉಜ್ಮಾ ಧಾರವಾಡದಲ್ಲಿ ದನದ ಡಾಕ್ಟರು. ಎರಡು ವರ್ಷದ ಆ ಗಂಡುಕುದುರೆಯನ್ನು ಕೊಳ್ಳಲು ಹುಬ್ಬಳ್ಳಿಯಿಂದ ಬಂದಿದ್ದ ಹತ್ತಿ ವ್ಯಾಪಾರಿ ಶಾಂತಯ್ಯನೇ, "ನಿಮ್ಮ ಮಗಳು ನೋಡಿ ಹೂಂ ಅಂದ್ರ ಸಾಕ್ರಿ ಸಾಬ್ರ, ಬ್ಯಾರೆ ಡಾಕ್ಟರ್ ಬ್ಯಾಡ" ಎಂದಿದ್ದ.

ಅವಳು ಆ ಕಾಲನ್ನು ಎತ್ತಿ ಹಿಡಿದು ಮತ್ತೊಮ್ಮೆ ಒತ್ತಿ ನೋಡಿದಳು. ಅಲ್ಲಿ ಬಿಸಿಯಿತ್ತು, ಬಾವೂ ಇತ್ತು; ಆದರೂ ಕುದುರೆ ಕಾಲು ಎಳೆದುಕೊಳ್ಳಲಿಲ್ಲ. "ಅಬ್ಬಾ, ಮುದಿ ಕುದುರಿಗಂತ ನನ್ನ ಕಡಿಂದ ಒಯ್ದ ನೋವಿನ ಇಂಜೆಕ್ಷನ್ ಇದಕ್ಕ ಹಾಕಿರೇನು?" ಎಂದು ಅಪ್ಪನನ್ನು ಕೇಳಿದಳು.

ವಂಶಾವಳಿಯ ಕಾಗದ ಓದುತ್ತಿದ್ದ ಶಾಂತಯ್ಯ ತಲೆಯೆತ್ತಿದ. ಗುಲಾಬಸಾಬನಿಗೆ ಸುಳ್ಳು ಹೊರಡಲಿಲ್ಲ. "ಹೂಂ. ಕುಂಟೋದು ಇವರಿಗೆ ಕಾಣಬಾರ್ದು ಅಂತ ಹಾಕಿದ್ನಿ" ಎಂದ. ಇನ್ನು ಮಗಳು ಶಾಂತಯ್ಯನೆದುರಿಗೇ ತನ್ನನ್ನು ಮೋಸಗಾರ ಎನ್ನುತ್ತಾಳೆ ಎಂದು ತಲೆತಗ್ಗಿಸಿ ಕಾದ.

ಉಜ್ಮಾ ಬಯ್ಯಲಿಲ್ಲ. ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, "ಎಷ್ಟು ದಿನಾತು ಇದಕ್ಕ ನೋವಾಗಾಕತ್ತಿ?" ಎಂದಷ್ಟೇ ಕೇಳಿದಳು.

ಹುಟ್ಟಿದಾಗಿನಿಂದ ಅದಕ್ಕೆ ಕೈಯಾರೆ ಹುರುಳಿ ತಿನ್ನಿಸಿ ಸಾಕಿದ್ದ ಗುಲಾಬಸಾಬ ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವನಿಗೆ ಕುದುರೆಯ ಮುಖ ನೋಡಲಾಗಲಿಲ್ಲ.