ಮಿತಿಯೊಳಗಿನ ವಿಷ

“ಸ್ವಲ್ಪ ಆ ಕಡೆ ತಿರುಗಿ ಉಸಿರಾಡಿ, ಬೆಳ್ಳುಳ್ಳಿ ವಾಸನೆ ಇಲ್ಲೀವರೆಗೂ ಹೊಡೀತಿದೆ,” ಎಂದಳು ಹೆಂಡತಿ.

“ಕುಡಿಸೋಳೂ ನೀನೇ, ಮೂಗು ಮುಚ್ಕೊಳ್ಳೋಳೂ ನೀನೇ,” ಎಂದು ಗೊಣಗಿ ಗಂಡ ಗೋಡೆಯ ಕಡೆ ತಿರುಗಿದ. ಕಾರ್ಖಾನೆಯ ದವಾಖಾನೆಯ ಮುಂದಿನ ಬೆಂಚಿನಲ್ಲಿ ಇಬ್ಬರೂ ಕಾದು ಕೂತಿದ್ದರು. ಹಳೆಯ ಬ್ಯಾಟರಿಗಳ ಸೀಸ ಕರಗಿಸುವ ಭಟ್ಟಿಯ ಮುಂದೆ ನಿಲ್ಲುವುದು ಅವನ ಕೆಲಸ. ಭಟ್ಟಿಯವರ ರಕ್ತಕ್ಕೆ ಎಷ್ಟು ಸೀಸ ಇಳಿದಿದೆ ಎಂದು ಆಗಾಗ ಪರೀಕ್ಷೆ ಮಾಡುತ್ತಾರೆ. ಹೋದ ವಾರ ಕೊಟ್ಟ ರಕ್ತದ ಫಲಿತಾಂಶ ಇವತ್ತು. “ನಂದು ಮಿತಿಗಿಂತ ಮೇಲೆ ಬರಬಾರ್ದು,” ಎಂದಷ್ಟೇ ಹೇಳುತ್ತಿದ್ದ. ಬಂದರೆ ಏನು ಎಂದು ಕೇಳಿದರೆ ಮಾತು ಹಾರಿಸುತ್ತಿದ್ದ.

ಮೇಲೆ ಬರಬಾರದೆಂದು ಅವಳಿಗೂ ಇತ್ತು. ಈಚೆಗೆ ಅವನ ಹೊಟ್ಟೆ ಹಿಂಡುತ್ತಿತ್ತು, ಲೋಟ ಕೈಯಿಂದ ಜಾರುತ್ತಿತ್ತು, ಮಗಳನ್ನು ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದ. ಬೆಳ್ಳುಳ್ಳಿಯ ಸಾರ ರಕ್ತದಲ್ಲಿರುವ ಸೀಸವನ್ನು ಅಷ್ಟಿಷ್ಟು ಇಳಿಸಬಹುದು, ಲಿವರಿಗೂ ಕಾವಲು, ಕಬ್ಬಿಣಕ್ಕೆ ಬಣ್ಣ ಬಳಿದ ಹಾಗೆ ಒಳಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ ಎಂದು ಔಷಧದಂಗಡಿಯವನು ಹೇಳಿದ್ದೇ ತಡ, ಅವಳು ಸೆರಗು ಕಟ್ಟಿ ನಿಂತುಬಿಟ್ಟಳು. ಎಸಳು ಜಜ್ಜಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿದ ರಸ. ಸಾಲದ್ದಕ್ಕೆ ಅಂಗಡಿಯ ಗುಳಿಗೆ ಬೇರೆ. ಒಲ್ಲೆ ಎಂದರೆ ಮೂಗು ಹಿಡಿದು ಕುಡಿಸಿದ್ದಳು.

ಒಳಗಿನಿಂದ ಕರೆ ಬಂತು. ಗಂಡ ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ಅಷ್ಟರಲ್ಲಿ ಅವನ ಹಳೆಯ ಜೊತೆಗಾರ, ಎಲ್ಲರೂ ‘ಮೀಸೆ’ ಎಂದೇ ಕರೆಯುವವನು, ಅತ್ತ ಬಂದ.

“ಏನತ್ತಿಗೆ, ಅಣ್ಣ ಪಾಸೋ ಫೇಲೋ? ನಾನಂತೂ ಹೋದ ಸಲ ಫೇಲಾಗಿ ಬಚಾವಾದೆ.”

“ಫೇಲಾಗಿ ಬಚಾವಾ?”

“ಹೂಂ ಮತ್ತೆ! ಮಿತಿ ದಾಟಿದೋರನ್ನ ಭಟ್ಟಿ ಹತ್ರ ಬಿಡೋ ಹಾಗಿಲ್ಲ. ಪ್ಯಾಕಿಂಗಿಗೆ ಹಾಕಿದ್ರು. ಅದೇ ಸಂಬಳ, ತಲೆ ಮೇಲೆ ಫ್ಯಾನು. ಕೂತ್ಕೊಂಡು ಡಬ್ಬಕ್ಕೆ ಟೇಪ್ ಅಂಟಿಸ್ತೀನಿ. ಹೊಟ್ಟೆನೋವು ಹೇಳದೆ ಕೇಳದೆ ಓಡಿಹೋಯ್ತು. ಅಣ್ಣ ಹೇಳ್ಲಿಲ್ವಾ? ಅವ್ನೆಲ್ಲಿ ಹೇಳ್ತಾನೆ ಬಿಡಿ, ನಮ್ಮನ್ನ ‘ಟೇಪಮ್ಮಂದಿರು’ ಅಂತ ಆಡ್ಕೊಳ್ಳೋನೇ ಅವ್ನು.”

ಅವಳಿಗೆ ನಗು ಬರಲಿಲ್ಲ. “ಮಿತಿಯೊಳಗೇ ಬಂದ್ರೆ?”

“ಬಂದ್ರೇನು, ಮತ್ತೆ ಭಟ್ಟಿ. ಮುಂದಿನ ಪರೀಕ್ಷೆ ತನಕ ಕೇಳೋರಿಲ್ಲ.”

ಅವಳು ಆ ಬಾಗಿಲನ್ನೇ ನೋಡುತ್ತಾ ಕೂತಳು. ಇಳಿಯಲಿ, ಇಳಿಯಲಿ ಎಂದು ಇಷ್ಟು ದಿನ ಎಸಳು ಜಜ್ಜಿದ ಬೆರಳುಗಳು ಈಗ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಿಂಡುತ್ತಿದ್ದವು. ಇಳಿದಿರದೆ ಇರಲಿ. ಔಷಧದಂಗಡಿಯವನು ಸುಳ್ಳನೇ ಆಗಿರಲಿ.

ಬಾಗಿಲು ತೆರೆಯಿತು. ಗಂಡನ ಮುಖ ಊರಗಲ ಅರಳಿತ್ತು. “ಕೂದಲೆಳೆಯಷ್ಟು ಕೆಳಗೆ ಕಣೇ! ನಿನ್ನ ಬೆಳ್ಳುಳ್ಳಿ ಗೆದ್ದುಬಿಡ್ತು! ಪಾಳಿ ಶುರುವಾಯ್ತು, ಬರ್ತೀನಿ,” ಎಂದವನೇ ಹೊರಗಿನ ಗೇಟಿನ ಕಡೆ ದಾಪುಗಾಲು ಹಾಕಿದ.

ಮೀಸೆ ಓಡಿಹೋಗಿ ಅವನ ಹೆಗಲು ಹಿಡಿದು ತಿರುಗಿಸಿದ. “ಅಣ್ಣಾ, ಎಲ್ಲಿಗೆ? ಭಟ್ಟಿ ಈ ಕಡೆ.”

“ಗೊತ್ತು ಬಿಡೋ, ತಮಾಷೆ ಮಾಡ್ದೆ,” ಎಂದು ನಕ್ಕ ಗಂಡ. ಮೀಸೆ ನಗಲಿಲ್ಲ, ಅವನ ಹೆಗಲು ಬಿಡದೆ ಜೊತೆಗೇ ನಡೆದ.

ಅವಳು ಕೇಳದೆಯೇ ಡಾಕ್ಟರ ಕೋಣೆಗೆ ನುಗ್ಗಿದಳು. “ಡಾಕ್ಟ್ರೇ, ಅವ್ರಿಗೆ ಹುಷಾರಿಲ್ಲ. ಕೈ ನಡುಗುತ್ತೆ, ದಾರಿ ಮರೆಯುತ್ತೆ. ನೀವೇ ಬೇರೆ ಕೆಲಸಕ್ಕೆ ಹಾಕಿಸ್ಬೇಕು.”

“ಅವರನ್ನೇ ಎಲ್ಲಾ ಕೇಳ್ದೆ ಕಣಮ್ಮ. ಗುಂಡುಕಲ್ಲಿನ ಹಾಗಿದ್ದೀನಿ ಅಂದ್ರು. ಲೆಕ್ಕವೂ ಅವರ ಪರವಾಗೇ ಇದೆ. ಮಿತಿಯೊಳಗಿದ್ದವ್ರನ್ನ ಭಟ್ಟಿಯಿಂದ ಎಬ್ಬಿಸೋಕೆ ನಂಗೆ ಅಧಿಕಾರ ಇಲ್ಲ.”

“ಅದು ಅವ್ರ ರಕ್ತದ ಲೆಕ್ಕ ಅಲ್ಲ ಡಾಕ್ಟ್ರೇ, ನನ್ನ ಬೆಳ್ಳುಳ್ಳೀದು.” ಅವಳು ತಡವರಿಸುತ್ತಾ ಎಲ್ಲವನ್ನೂ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. “ಇದ್ರೂ ಇರಬಹುದು. ಸ್ವಲ್ಪ ಇಳಿಸಿರುತ್ತೆ. ನೀವು ಮಾಡಿದ್ದು ಒಳ್ಳೇದೇ ಅಮ್ಮ. ನಿಲ್ಲಿಸ್ಬೇಡಿ.”

ಅವಳು ಬಾಗಿಲವರೆಗೆ ಹೋಗಿ, ಅದನ್ನು ಒಳಗಿನಿಂದ ಮೆಲ್ಲಗೆ ಮುಚ್ಚಿ, ಮತ್ತೆ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು.

“ಇವತ್ತೇ ನಿಲ್ಲಿಸಿದ್ರೆ, ವಿಷ ಮತ್ತೆ ಏರೋಕೆ ಎಷ್ಟು ದಿನ ಬೇಕು, ಡಾಕ್ಟ್ರೇ?”