ಖಾಲಿ ಮೋಟಾರು

ತಪಾಸಣೆ ಗೇಟಿನ ಜಮಾದಾರ ಶೇಷಪ್ಪ ಮೋಟಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಕೈ ತೂರಿಸಲು ನೋಡಿದ. ಬೆರಳು ಹೋಯಿತು, ಕೈ ಹೋಗಲಿಲ್ಲ.

"ಹಿಂದುಗಡೆ ಇಷ್ಟು ಕುಸಿದಿದೆ. ಏನು ಹೇರಿದೀಯ ದಾಸಯ್ಯ?"

"ನನ್ನ ಕರ್ಮ ಹೇರಿದೀನಿ ಮಾರಾಯ. ಒಳಗೆ ಅಮ್ಮಾವ್ರೊಬ್ರೇ ಇರೋದು," ಎಂದ ಡ್ರೈವರ್ ದಾಸಯ್ಯ.

ಯುದ್ಧದ ಕಾಲ. ಪರ್ಮಿಟ್ಟಿಲ್ಲದೆ ಅಕ್ಕಿ ಸಾಗಿಸಿದವರಿಗೆ ಜೈಲಾಗುತ್ತಿತ್ತು. ಶೇಷಪ್ಪ ಸೀಟು ಎತ್ತಿಸಿ ನೋಡಿದ, ಏನೂ ಇರಲಿಲ್ಲ. ಮೊದಲು ಲಾರಿ ಕ್ಲೀನರಾಗಿದ್ದವನು, ತಾನೇ ಮೋಟಾರಿನ ಅಡಿಗೆ ನುಸುಳಿದ. ಭಾರ ಹೊರುವ ಕಮಾನು ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಒಂದು ಬಿರುಕು ಬಿಟ್ಟಿತ್ತು.

"ರಿಪೇರಿ ಮಾಡ್ಸಿ ಅಮ್ಮಾವ್ರೆ. ಇಲ್ದಿದ್ರೆ ಬಂದಾಗೆಲ್ಲ ಸೀಟು ಕೀಳಬೇಕಾಗತ್ತೆ."

ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿದ್ದ ಗಿರಿಜಾಂಬಾ ತಲೆಯಾಡಿಸಿದಳು. ತೋಟದ ಲೈನುಮನೆಗಳಲ್ಲಿ ಆಳುಮಕ್ಕಳು ಹಲಸಿನ ಬೀಜ ಬೇಯಿಸಿ ತಿನ್ನುತ್ತಿದ್ದರು. ವಸ್ತಾರೆಯ ಅವಳ ತವರಿನಲ್ಲಿ ಅಕ್ಕಿ ಇತ್ತು. ನಡುವೆ ಈ ಗೇಟು.

ಅಂದೇ ವಸ್ತಾರೆಯ ಆಚಾರಿ ಪಟ್ಟಿಗಳನ್ನು ಬಿಚ್ಚಿ, ಕೆಂಪಗೆ ಕಾಯಿಸಿ, ಬಡಿದು ಬಾಗು ತಂದ. ಬಿರುಕು ಬಿಟ್ಟದ್ದನ್ನು ತೆಗೆದು ಬೇರೆ ಹಾಕಿದ.

"ಇನ್ನೆರಡು ಪಟ್ಟಿ ಸೇರಿಸಿ," ಎಂದಳು ಗಿರಿಜಾಂಬಾ.

"ಬ್ಯಾಡ ಅಮ್ಮಾವ್ರೆ, ಬಿರುಸಾಗತ್ತೆ. ಖಾಲಿ ಗಾಡೀಲಿ ಕೂತೋರ ಸೊಂಟ ಮುರೀತದೆ."

"ಸೇರಿಸಿ."

ಆಚಾರಿ ದಾಸಯ್ಯನ ಮುಖ ನೋಡಿದ. ದಾಸಯ್ಯ ಕುಲುಮೆಯ ಬೆಂಕಿ ನೋಡುತ್ತಿದ್ದ.

ಸಂಜೆ ಹಿಂತಿರುಗುವಾಗ ಹಿಂದಿನ ಸೀಟಿನಡಿ ಅಕ್ಕಿ ಮೂಟೆಗಳಿದ್ದವು. ಮೇಲೆ ಗಿರಿಜಾಂಬಾ ಕೂತಿದ್ದಳು. ಗೇಟಿನಲ್ಲಿ ಶೇಷಪ್ಪ ಮತ್ತೆ ಬಗ್ಗಿ ಮೋಟಾರಿನ ಅಡಿ ಇಣುಕಿದ. ಈ ಸಲ ಚಕ್ರದ ಮೇಲೆ ಕೈ ಮುಂಗೈವರೆಗೂ ಹೋಯಿತು.

"ಈಗ ಗಾಡಿ ಗಾಡಿಯಂಗಿದೆ. ಎರಡು ಪಟ್ಟಿ ಜಾಸ್ತೀನೇ ಹಾಕ್ಸಿದೀರಿ!" ಸೀಟು ಎತ್ತಿಸಲಿಲ್ಲ. ದಾಸಯ್ಯ ಉಸಿರು ಬಿಡುವಷ್ಟರಲ್ಲಿ ಶೇಷಪ್ಪನೇ ಮುಂದಿನ ಬಾಗಿಲು ತೆಗೆದ. "ನನ್ನ ಪಾಳಿ ಮುಗೀತು. ನಿಮ್ಮ ಲೈನಿನ ತನಕ ಬರ್ತೀನಿ, ಅಲ್ಲಿಂದ ನನ್ನ ಮನೆಗೆ ಕಾಲುದಾರಿ."

ಬೇಡವೆನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ.

ರಸ್ತೆಯ ತುಂಬ ಹೊಂಡ. ಶೇಷಪ್ಪ ಹಿಂದಕ್ಕೆ ತಿರುಗಿ ಕೂತು, ಮಗಳ ಬಾಣಂತನ, ಸೀಮೆಎಣ್ಣೆಯ ಅಭಾವ, ಏನೇನೋ ಮಾತಾಡಿದ. ಗಿರಿಜಾಂಬಾ ಹೂಂ ಎನ್ನುತ್ತಿದ್ದಳು. ಹೊಂಡಕ್ಕಿಳಿದಾಗಲೆಲ್ಲ ಅವನ ಕಣ್ಣು ಅವಳ ಭುಜದ ಮೇಲಿರುತ್ತಿತ್ತು.

ಲೈನಿನ ಮುಂದೆ ಮೋಟಾರು ನಿಂತಿತು. ಅಡುಗೆಯ ಹೊತ್ತು, ಒಂದು ಸೂರಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಹೊಸಿಲಲ್ಲಿ ಕೂತ ಮುದುಕಿಯೊಬ್ಬಳು ಹಲಸಿನ ಬೀಜ ಸುಲಿಯುತ್ತಿದ್ದಳು. ಶೇಷಪ್ಪ ಇಳಿದು ಅದನ್ನೇ ನೋಡುತ್ತ ನಿಂತ.

"ಇಷ್ಟು ಪಟ್ಟಿ ಇರೋ ಖಾಲಿ ಗಾಡಿ ಕುಣೀಬೇಕಲ್ಲ ದಾಸಯ್ಯ. ಅಮ್ಮಾವ್ರು ತೊಟ್ಟಿಲಲ್ಲಿ ಕೂತಂಗೆ ಬಂದ್ರು."

ದಾಸಯ್ಯ ಸ್ಟೀರಿಂಗು ಬಿಗಿಹಿಡಿದ. ಗಿರಿಜಾಂಬಾ ಸೀಟಿನ ಅಂಚಿನ ಮೇಲೆ ಅಂಗೈ ಊರಿದಳು.

ಶೇಷಪ್ಪ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಕಾಲುದಾರಿಗೆ ನಾಲ್ಕು ಹೆಜ್ಜೆ ಇಟ್ಟವನು ತಿರುಗಿದ.

"ನಾಳೆಯಿಂದ ಗೇಟಿಗೆ ಹೊಸ ಸಾಹೇಬ್ರು ಬರ್ತಾರೆ. ಹೊಂಡ ಬಂದಾಗ ನೀವೇ ಸ್ವಲ್ಪ ಎಗರಿ ಅಮ್ಮಾವ್ರೆ."